ಎರಡೂ ಕಿವಿಯ ಹಾಡು

ಮಲಪ್ರಭೆಯ ದಂಡೆಯಲ್ಲಿ ದುಂಡಯ್ಯ ಗವಾಯಿಗಳ ಗುರುಕುಲ. ಅಲ್ಲಿ ಬೆಳಗಾಗುವುದೇ ತಂಬೂರಿಯಿಂದ.

ಶಿವಲೀಲಾ ಅಲ್ಲೇ ಕಲಿತವಳು. ಈಗ ಡ್ರಮ್ಸು, ಗಿಟಾರುಗಳ ಜೊತೆ ವಚನ ಹಾಡುವ ಸ್ವಂತ ತಂಡ ಕಟ್ಟಿದ್ದಳು. ಅವಳ ಹಾಡಿಗೆ ಮೈದಾನಗಳು ತುಂಬುತ್ತಿದ್ದವು.

ಒಂದು ಮುಂಜಾನೆ ಅವಳು ಬಂದು ಗುರುಗಳ ಪಾದ ಮುಟ್ಟಿ ಕೂತಳು. ಗವಾಯಿಗಳು ತಂಬೂರಿ ಮೀಟುತ್ತಿದ್ದರು.

“ಗಾಂಧಾರ ಕೇಳಸ್ತದೇನು ತಂಗಿ?”

ಶ್ರುತಿ ಸರಿಯಾಗಿ ಕೂಡಿದ ತಂಬೂರಿಯ ಖರಜದ, ಅಂದರೆ ಕೆಳ ಷಡ್ಜದ ತಂತಿಯಲ್ಲಿ, ಯಾರೂ ಮೀಟದ ಗಾಂಧಾರ ಸ್ವರವೊಂದು ತಾನಾಗಿ ಹುಟ್ಟುತ್ತದೆ. ಚಿಕ್ಕ ಹುಡುಗಿಯಾಗಿದ್ದಾಗಲೇ ಅದನ್ನು ಗುರುತಿಸಿ ಗುರುಗಳನ್ನು ಬೆರಗಾಗಿಸಿದ್ದಳು ಅವಳು.

ಕಣ್ಣು ಮುಚ್ಚಿದಳು. ಬಹಳ ಹೊತ್ತು ಕೇಳಿದಳು.

“ಇಲ್ರೀ. ಕಿವ್ಯಾಗ ಸೀಟಿ ಊದಿದಂಗ ಆಗ್ತದ. ಅದರ ಹಿಂದ ಏನೂ ಕೇಳಸವಲ್ದು.”

“ಯಾವಾಗಿಂದ?”

“ಕಾರ್ಯಕ್ರಮ ಆದಮ್ಯಾಲೆ ಬರ್ತಿತ್ತು, ಮರುದಿನ ಹೋಗ್ತಿತ್ತು. ಈ ಸಲ ಹೋಗ್ಲೇ ಇಲ್ರೀ.” ಅವಳು ಕೈ ಮುಗಿದಳು. “ಇದಕ್ಕೊಂದು ಸಾಧನಾ ಹೇಳಿಕೊಡ್ರಿ.”

ಗವಾಯಿಗಳು ತಂಬೂರಿ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

“ಮೊದಲ ಕಿವಿ ಡಾಕ್ಟರ್ ಹತ್ರ ನಡಿ.”

ವೈದ್ಯೆ ಪರೀಕ್ಷಿಸಿ ಹೇಳಿದರು: “ಕಿವಿ ತುಂಬಾ ದಣಿದಿದೆ. ಈಗ ಸದ್ದಿನಿಂದ ದೂರವಿದ್ದರೆ ಚೇತರಿಸಿಕೊಳ್ಳಬಹುದು. ಹೀಗೇ ಮುಂದುವರಿದರೆ, ಹೋದದ್ದು ಮತ್ತೆ ಬರುವುದಿಲ್ಲ.”

ಒಪ್ಪಿಕೊಂಡ ಕಾರ್ಯಕ್ರಮಗಳನ್ನೆಲ್ಲ ಬಿಟ್ಟು ಅವಳು ಗುರುಕುಲದಲ್ಲೇ ಉಳಿದಳು.

“ವೇದಿಕೆ ಮ್ಯಾಲೆ ಏನ್ ಮಾಡ್ತಿ, ಹೇಳು,” ಎಂದರು ಗುರುಗಳು ಒಂದು ದಿನ.

ಅವಳು ಚೀಲದಿಂದ ಕಿವಿಯಲ್ಲಿ ಸಿಕ್ಕಿಸಿಕೊಳ್ಳುವ ಎರಡು ಪುಟ್ಟ ಇಯರ್ ಮಾನಿಟರ್‌ಗಳನ್ನು ತೆಗೆದಳು. “ನನ್ನ ದನಿ, ವಾದ್ಯ, ಎಲ್ಲಾ ಇದರಾಗ ಕೇಳಸ್ತದ್ರೀ. ಆದ್ರ ಹಾಡ್ತಾ ಹಾಡ್ತಾ ಒಂದನ್ನ ಕಿತ್ತು ಇಳಿಬಿಡ್ತೀನಿ.”

“ಯಾಕ?”

“ಎರಡೂ ಹಾಕ್ಕೊಂಡ್ರ ಜನ ಎಲ್ಲೋ ದೂರ ಇದ್ದಂಗ ಅನಸ್ತದ್ರೀ.”

“ತೆರೆದ ಕಿವಿಗೆ?”

“ವೇದಿಕೆ ಗದ್ದಲ ಪೂರಾ ಬಡೀತದ.”

“ಮುಚ್ಚಿದ ಕಿವಿಗೆ?”

“ಒಂದರಾಗ ಸಾಲೂದಿಲ್ಲಂತ ಅದರ ಸೌಂಡ್ ಏರಿಸ್ತೀನಿ.”

ಹೇಳುತ್ತ ಹೇಳುತ್ತ ಅವಳೇ ತಲೆ ತಗ್ಗಿಸಿದಳು.

ಕೆಲವು ವಾರ ಕಳೆದ ಮೇಲೆ ಅವರು ಶಿಷ್ಯರನ್ನೆಲ್ಲ ಹಜಾರಕ್ಕೆ ಕರೆದರು. ಶಿವಲೀಲೆಯನ್ನು ದೂರದ ಬಾಗಿಲ ಬಳಿ ಕೂರಿಸಿದರು. ಒಬ್ಬ ತಬಲಾ ಹಿಡಿದ, ಒಬ್ಬ ಹಾರ್ಮೋನಿಯಂ. ಉಳಿದವರು ಹಾಡತೊಡಗಿದರು. ನಡುವೆ ಗುರುಗಳ ತಂಬೂರಿ.

“ತಂಬೂರಿ ಕೇಳಸವಲ್ದ್ರೀ,” ಎಂದಳು ಶಿವಲೀಲಾ. “ಜೋರಾಗಿ ಮೀಟ್ರಿ.”

ಗುರುಗಳು ಜೋರಾಗಿ ಮೀಟಲಿಲ್ಲ. ತಬಲಾದವನ ಕಡೆ ನೋಡಿದರು. ಅವನು ಕೈ ಹಗುರ ಮಾಡಿದ. ಹಾರ್ಮೋನಿಯಂ ಕಡೆ ನೋಡಿದರು. ಅದು ತಗ್ಗಿತು. ಹಾಡುವವರು ದನಿ ಇಳಿಸಿದರು.

“ಬಂತ್ರೀ! ಈಗ ಬಂತು!”

“ನಾ ಏನರ ಏರಿಸಿದೆನೇನು?”

“ಇಲ್ರೀ.”

ಗುರುಗಳು ಮೀಟುತ್ತಲೇ ಇದ್ದರು. ಅವಳ ಮುಖ ಇದ್ದಕ್ಕಿದ್ದಂತೆ ಬೆಳಗಿತು.

“ಗುರುಗಳೇ... ಗಾಂಧಾರ!”

ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಅವಳು ಕೇಳುತ್ತ ಕೂತಳು.

ವೈದ್ಯೆ ಮತ್ತೊಮ್ಮೆ ಪರೀಕ್ಷಿಸಿ ಹಾಡಲು ಒಪ್ಪಿಗೆ ಕೊಟ್ಟರು. ಶಿವಲೀಲಾ ತನ್ನ ಕಿವಿಯ ಅಚ್ಚು ತೆಗೆಸಿ, ಬಿಗಿಯಾಗಿ ಕೂರುವ ಹೊಸ ಇಯರ್ ಮಾನಿಟರ್ ಮಾಡಿಸಿಕೊಂಡಳು.

ಹುಬ್ಬಳ್ಳಿಯ ಮೈದಾನದಲ್ಲಿ ಮೊದಲ ಕಾರ್ಯಕ್ರಮ. ಸಂಜೆಗೇ ಕಾಲಿಡಲು ಜಾಗವಿಲ್ಲ. ಗವಾಯಿಗಳು ಸ್ಪೀಕರುಗಳಿಂದ ದೂರ, ಹಿಂದಿನ ಸಾಲಿನಲ್ಲಿ ಕೂತರು.

“ಅಕ್ಕಾ, ಕಿವ್ಯಾಗ ನಿಮ್ಮ ದನಿ ಏರಿಸಲೇನ್ರೀ?” ಎಂದು ಸೌಂಡ್ ಇಂಜಿನಿಯರ್ ಅಲ್ತಾಫ್ ಕೇಳಿದ.

“ಬ್ಯಾಡ. ಡ್ರಮ್ಸ್ ಇಳಿಸು. ಗಿಟಾರೂ ಇಳಿಸು.” ಅವಳು ಸಣ್ಣಗೆ ಆಲಾಪ ತೆಗೆದಳು. “ಹಾಂ, ಇಷ್ಟ ಸಾಕು. ಇದರ ಮ್ಯಾಲೆ ಏರಲಾರದಂಗ ಮಿತಿ ಹಾಕು. ಜನರ ಕಡೆ ಒಂದು ಮೈಕ್ ಇಟ್ಟು, ಅವರ ಸಪ್ಪಳ ನನಗ ಸಣ್ಣಗ ಬರೂಹಂಗ ಮಾಡು.”

ಹಾಡು ಶುರುವಾಯಿತು. ನಡುವೆ ಜನ ಹೋ ಎಂದು ಎದ್ದರು. ಹಳೆಯ ಚಾಳಿ, ಅವಳ ಕೈ ಕಿವಿಯತ್ತ ಹೋಯಿತು.

ಕೈ ಅರ್ಧಕ್ಕೇ ನಿಂತಿತು.

ಗದ್ದಲವನ್ನು ಮೀರಿಸಲು ಅವಳು ಕೂಗಲಿಲ್ಲ. ದನಿ ಇಳಿಸಿದಳು. ಇನ್ನೂ ಇಳಿಸಿದಳು. ತಂಡದವರೂ ಅವಳ ಹಿಂದೆ ಇಳಿದರು.

ಮುಂದಿನ ಸಾಲು ಸುಮ್ಮನಾಯಿತು. ಆಮೇಲೆ ನಡುವಿನದು. ಕೊನೆಗೆ ಮೈದಾನಕ್ಕೆ ಮೈದಾನವೇ ಮೈಯೆಲ್ಲ ಕಿವಿಯಾಗಿ ಕೂತಿತು. ಪಿಸುಮಾತಿನಷ್ಟು ಮೆಲ್ಲಗೆ ಅವಳು ಹಾಡುತ್ತಿದ್ದಳು, ಒಂದು ಸ್ವರವೂ ಕದಲಲಿಲ್ಲ.

ಆ ಮೌನದೊಳಗಿಂದ ಅವಳ ಎತ್ತರದ ತಾರ ಷಡ್ಜ ಎದ್ದಿತು.

ಜನ ಚಪ್ಪಾಳೆ ತಟ್ಟುತ್ತ ಎದ್ದು ನಿಂತರು. ಎಷ್ಟು ಹೊತ್ತಾದರೂ ಕೂರಲಿಲ್ಲ.

ಹಾಡು ಮುಗಿಸಿ ಅವಳು ಓಡಿ ಬಂದು ಗುರುಗಳ ಪಾದ ಹಿಡಿದಳು. ಅವರು ಹಿಡಿದೆತ್ತಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ನನಗ ಚಪ್ಪಾಳೆ ಸಣ್ಣಗ ಕೇಳಿಸ್ತ್ರೀ,” ಎಂದಳು ಏದುಸಿರಿನಲ್ಲಿ. “ಖರೇನ ಅಷ್ಟ ಇತ್ತೇನ್ರೀ?”

ಗವಾಯಿಗಳು ನಕ್ಕರು.

“ಅದನ್ನ ನಿನ್ನ ಪರವಾಗಿ ನಾ ಕೇಳೀನಿ ಬಿಡು. ನಿನ್ನ ಕಿವಿ ನಾಳೆ ಮುಂಜಾನಿ ತಂಬೂರಿ ಷಡ್ಜಕ್ಕ ಬೇಕು.”