ಬಟ್ಟಲು ಮತ್ತು ಗೋಡೆಯ ಮೇಲಿನ ಬಿಸಿಲು

ಬೂದಿ ಬಣ್ಣದ ಒಂದು ಬೆಕ್ಕಿಗೆ ದಿನವೂ ಒಂದೇ ಕನಸು. ತಾನು ಹೊಗೆಯಷ್ಟು ಹಗುರಾಗಿ, ಹಿತ್ತಲ ಗೋಡೆಯ ಮೇಲಿನ ಬಿಸಿಲಿನಲ್ಲಿ ನಡೆಯುತ್ತಿರುವಂತೆ. ಎಚ್ಚರವಾದೊಡನೆ ಅದು ಗೋಡೆಗೆ ಹಾರುತ್ತಿತ್ತು, ಮೈಭಾರಕ್ಕೆ ಅರ್ಧದಲ್ಲೇ ಜಾರಿ ಬೀಳುತ್ತಿತ್ತು, ದುಃಖದಿಂದ ಕೂಗುತ್ತಿತ್ತು.

ಆ ಕೂಗಿಗೆ ಮನೆಯವರು ತಿಳಿದದ್ದು ಒಂದೇ ಅರ್ಥ. "ಅಯ್ಯೋ, ನನ್ನ ಕಂದ ಹಸಿದುಕೊಂಡಿದೆ!" ಎಂದು ಗಿರಿಜಮ್ಮ ಬಟ್ಟಲಿಗೆ ಹಾಲನ್ನ ಕಲಸಿ ಹಾಕುವರು. "ಅನ್ನ ಬೇಡ ಅತ್ತೆ, ಬೆಕ್ಕಿಗೆ ಪ್ಯಾಕೆಟ್ಟಿನದೇ ಒಳ್ಳೇದು," ಎಂದು ಸೊಸೆ ವನಮಾಲಾ ಅದರ ಮೇಲೆಯೇ ಒಣ ತಿಂಡಿ ಸುರಿಯುವಳು.

"ನಿನ್ನಷ್ಟು ಪ್ರೀತಿ ಪಡೆದವರು ಯಾರಿದ್ದಾರೆ?" ಎಂದಿತು ಬಟ್ಟಲು. "ನಾನು ಬರಿದಾದದ್ದೇ ಇಲ್ಲ."

"ನಾನು ಕೂಗಿದ್ದು ಗೋಡೆಗಾಗಿ," ಎಂದಿತು ಬೆಕ್ಕು.

"ಗೋಡೆಯನ್ನು ಯಾರೂ ಕಲಸಿ ಹಾಕಲಾರರು. ಹಾಕಿದ್ದನ್ನು ತಿನ್ನು."

ಬೆಕ್ಕು ಬಹಳ ಹೊತ್ತು ಗೋಡೆಯನ್ನೇ ನೋಡಿತು. ಅಂದಿನಿಂದ ಅದು ಕೂಗಲಿಲ್ಲ. ಊಟದ ಹೊತ್ತಿಗೆ ಬಂದು, ಅರ್ಧ ತಿಂದು ಎದ್ದುಹೋಗುತ್ತಿತ್ತು. ಉಳಿದದ್ದು ಇರುವೆಗಳ ಪಾಲು. "ಹೊಟ್ಟೆ ತುಂಬಿರಬೇಕು ಬಿಡು," ಎಂದರು ಅತ್ತೆ. ಸೊಸೆಯೂ ಅಪರೂಪಕ್ಕೆ ಹೌದೆಂದಳು. ಹಾಕುವುದೂ ಕಡಿಮೆಯಾಯಿತು.

ಚಳಿಗಾಲದ ಒಂದು ಬೆಳಿಗ್ಗೆ ಬಟ್ಟಲು ಮೇಲೆ ನೋಡಿತು. ಬೆಕ್ಕು ಗೋಡೆಯ ಮೇಲಿತ್ತು. ಎಳೆ ಬಿಸಿಲಿನಲ್ಲಿ ಅದರ ಬೂದಿ ಮೈ ಹೊಗೆಯಂತೆ ಕಾಣುತ್ತಿತ್ತು. ನಿಜವೋ ಕನಸೋ ಬಟ್ಟಲಿಗೆ ತಿಳಿಯಲಿಲ್ಲ.

"ನಿನಗೆ ಹಸಿವಾಗುತ್ತಿಲ್ಲವೇ?" ಎಂದು ಕೇಳಿತು.

"ಆಗುತ್ತಿದೆ," ಎಂದಿತು ಬೆಕ್ಕು, ಕಣ್ಣು ಮುಚ್ಚಿಕೊಂಡೇ. "ಹಸಿವಿನ ರುಚಿಯನ್ನೇ ಮರೆತಿದ್ದೆ."