ಪಡುವಣ ದಡದ ಮಾತು

"ಮತ್ತೆ ನಡುವೆ ಬಾಯಿ ಹಾಕಿದ ಇವನು, ಗುರುಗಳೇ," ಎಂದಳು ಹಾಲವ್ವ. "ಕೇಳಬೇಕೆಂದು ಬಂದ ಪ್ರಶ್ನೆಯನ್ನು ನಾನು ಒಂದು ದಿನವಾದರೂ ಪೂರ್ತಿ ಕೇಳಿದ್ದುಂಟೇ? ಮನೆಯಲ್ಲಿ ಮಗು ಬಿಡುವುದಿಲ್ಲ. ಅದಕ್ಕಿನ್ನೂ ಬುದ್ಧಿ ಬಂದಿಲ್ಲ, ಹೋಗಲಿ. ಇಲ್ಲಿ ಈ ಕೊಟ್ರಯ್ಯ ಬಿಡುವುದಿಲ್ಲ. ಇವನಿಗೇನಾಗಿದೆ?"

ಮಠದ ಜಗಲಿಯ ಮೇಲೆ ಕುಳಿತಿದ್ದ ಶಿಷ್ಯರು ನಕ್ಕರು. ಹಾಲವ್ವ ಬೇರೆ ಸೀಮೆಯಿಂದ ಮದುವೆಯಾಗಿ ಬಂದವಳು. ಅವಳು ಏನು ಕೇಳಿದರೂ ಕೊಟ್ರಯ್ಯ ಅದನ್ನು ಅವಳ ಸೀಮೆಯ ರಾಗದಲ್ಲಿ ಎಳೆದು ಆಡಿ ತೋರಿಸುತ್ತಿದ್ದ. ಉಳಿದವರು ನಗುವಷ್ಟರಲ್ಲಿ ಪ್ರಶ್ನೆ ಸತ್ತುಹೋಗುತ್ತಿತ್ತು.

"ತಮಾಷೆಗೆ ಇಷ್ಟು ಕೋಪವೇ ಅಕ್ಕಾ?" ಎಂದ ಕೊಟ್ರಯ್ಯ. "ನಿಮ್ಮ ಕಡೆಯವರಿಗೆಲ್ಲ ಮೂಗಿನ ತುದಿಯಲ್ಲೇ ಕೋಪ."

"ನೋಡಿ! ಕೋಪ ಬಂದದ್ದು ನನಗೊಬ್ಬಳಿಗೆ. ಹೆಸರು ಕೆಟ್ಟದ್ದು ಸೀಮೆಯವರಿಗೆಲ್ಲ. ಇವನು ಆಡುವುದು ನಮ್ಮ ಮಾತಾದರೂ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಮ್ಮ ಸೀಮೆಯಲ್ಲಿ ಎಮ್ಮೆ ಕೂಡ ಹೀಗೆ ಎಳೆಯುವುದಿಲ್ಲ. ಹೇಳಿದರೆ, ನಕ್ಕರೆ ನಿನ್ನ ಗಂಟೇನು ಹೋಯಿತು ಎನ್ನುತ್ತಾನೆ. ಏನು ಹೋಯಿತು ಎಂದು ಹೇಳಲು ನನಗೆ ಬರುತ್ತಿಲ್ಲ. ನೀವೇ ಹೇಳಿ ಗುರುಗಳೇ. ನಕ್ಕರೆ ಏನು ಹೋಗುತ್ತದೆ?"

ಗುರು ಈ ಕತೆ ಹೇಳಿದರು.

ಒಂದು ನದಿ. ಅದರ ಮೂಡಲ ದಡ ಒಬ್ಬ ಅರಸನದು, ಪಡುವಣ ದಡ ಇನ್ನೊಬ್ಬ ಅರಸನದು. ಎರಡೂ ದಡದ ಭಾಷೆ ಒಂದೇ. ರಾಗ ಮಾತ್ರ ಸ್ವಲ್ಪ ಬೇರೆ. ಕಿವಿಗೊಟ್ಟು ಕೇಳಿದರೆ ತಿಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕಿವಿಗೊಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಪಡುವಣ ದಡದ ಒಬ್ಬ ಹೆಂಗಸು ಚಾಪೆ ಹೆಣೆದು ಮಾರುತ್ತಿದ್ದಳು. ಒಂದು ದಿನ ಅವಳು ಕೈಗೂಸನ್ನು ಎತ್ತಿಕೊಂಡು ಮೂಡಲ ದಡದ ಸಂತೆಗೆ ಬಂದಳು. ಸಂತೆಯಲ್ಲಿ ಹೋರಿಯೊಂದು ಹಗ್ಗ ಕಿತ್ತುಕೊಂಡು ನುಗ್ಗಿತು. ಜನ ದಿಕ್ಕಾಪಾಲಾಗಿ ಓಡಿದರು. ಆ ಗದ್ದಲದಲ್ಲಿ ಮಗು ಕೈತಪ್ಪಿತು. ಹೆಂಗಸು ಹೊತ್ತು ಮುಳುಗುವ ತನಕ ಹುಡುಕಿದಳು. ಅಷ್ಟರಲ್ಲಿ ಇಬ್ಬರು ಅರಸರಿಗೂ ಯಾವುದೋ ಮಾತಿಗೆ ಜಗಳ ಹತ್ತಿತು. ಸೈನಿಕರು ಬಂದು ಪಡುವಣ ದಡದವರನ್ನೆಲ್ಲ ದೋಣಿಗೆ ತುಂಬಿ ಅಟ್ಟಿದರು. ಆಮೇಲೆ ದೋಣಿಗಳೇ ನಿಂತವು. ಎರಡು ವರ್ಷ ಅವಳು ದಡದಲ್ಲಿ ನಿಂತು ನೀರು ನೋಡಿದಳು.

ಮಗು ಒಬ್ಬ ಗೌಡನ ಕೈಗೆ ಸಿಕ್ಕಿತ್ತು. ಅದೊಂದು ಹೆಣ್ಣುಮಗು. ಅದರ ಉಡಿದಾರದಲ್ಲಿ ಪಡುವಣ ದಡದವರು ಮಕ್ಕಳಿಗೆ ಕಟ್ಟುವ ಕವಡೆ ಇತ್ತು. ಗೌಡ ಒಳ್ಳೆಯವನು. ಹೆಂಡತಿ ಅವನಿಗಿಂತ ಒಳ್ಳೆಯವಳು. ಅವರು ಮಗುವನ್ನು ತಮ್ಮ ಮಕ್ಕಳ ಜೊತೆಗೇ ಕೂರಿಸಿ ಉಣ್ಣಿಸಿದರು.

ಒಂದು ದಿನ ಗೌಡನ ಹೆಂಡತಿ ಹೇಳಿದಳು. "ಇದು ಬೇರೆ ದೇಶದ ಕೂಸು. ಎಂದಾದರೂ ಇದರ ತಾಯಿ ಬರುತ್ತಾಳೆ. ಅಷ್ಟರಲ್ಲಿ ಇದು ತನ್ನ ಮಾತು ಮರೆತರೆ ನಮಗೆ ಪಾಪ ಬರುತ್ತದೆ."

ಊರಿಗೆಲ್ಲ ಈ ಮಾತು ಹಿಡಿಸಿತು. ಆದರೆ ಪಡುವಣ ದಡದ ಮಾತು ಬಲ್ಲವರು ಯಾರು? ಒಬ್ಬನಿದ್ದ. ಹಗಲುವೇಷ ಹಾಕಿ ಮನೆಮನೆಗೆ ಬರುವ ವೇಷಗಾರ. ಅವನು ಪಡುವಣ ದಡದವನ ವೇಷ ಹಾಕಿದರೆ ಊರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಮೂಗಿನಲ್ಲಿ ಮಾತಾಡುತ್ತಿದ್ದ. ಮಾತಿನ ತುದಿಯನ್ನು ಎಳೆಯುತ್ತಿದ್ದ. ಎಳೆದು ಮುಗಿದ ಮೇಲೆ ತೊಡೆ ತಟ್ಟಿ 'ಲೋಲೋ' ಎನ್ನುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ಊಟ ಕೇಳುತ್ತಿದ್ದ. ಪಡುವಣ ದಡದವರು ಹೊಟ್ಟೆಬಾಕರು, ದಡ್ಡರು, ಅಳುಬುರುಕರು ಎಂದು ಊರು ತಿಳಿದದ್ದು ಅವನಿಂದಲೇ. ಅವನು ಕಲಿತದ್ದು ತನ್ನ ಗುರುವಿನಿಂದ. ಗುರು ಕಲಿತದ್ದು ತನ್ನ ಗುರುವಿನಿಂದ. ಮೂವರಲ್ಲಿ ಒಬ್ಬನೂ ನದಿ ದಾಟಿರಲಿಲ್ಲ.

ವೇಷಗಾರ ದಿನವೂ ಸಂಜೆ ಬಂದು ಮಗುವಿಗೆ ಅದರ ಮಾತು ಕಲಿಸಿದ. ನಗಿಸಲೆಂದು ಕಲಿಸಲಿಲ್ಲ, ಪ್ರೀತಿಯಿಂದಲೇ ಕಲಿಸಿದ. "ನಿನ್ನ ಅಮ್ಮ ಹೀಗೆ ಮಾತಾಡುತ್ತಾಳೆ, ಕಂದಾ. ಹೀಗೆ ಮಾತಾಡುತ್ತಾ ಯಾರು ಬರುತ್ತಾರೋ ಅವಳೇ ನಿನ್ನ ಅಮ್ಮ" ಎಂದು ದಿನವೂ ಹೇಳಿದ. ಮಗು ಚುರುಕು. ಬೇಗ ಕಲಿತಿತು.

ಇಲ್ಲಿ ಕೊಟ್ರಯ್ಯ ಕಿಸಕ್ಕನೆ ನಕ್ಕ.

"ನಗು, ನಗು," ಎಂದಳು ಹಾಲವ್ವ. "ಹೆತ್ತವಳಿಗೆ ಗೊತ್ತಾಗುತ್ತದೆ ಅದು ಏನೆಂದು. ನೀವು ಹೇಳಿ ಗುರುಗಳೇ."

ಗುರು ಮುಂದುವರಿಸಿದರು.

ಅರಸರು ರಾಜಿಯಾದರು. ದೋಣಿ ಬಿಟ್ಟಿತು. ಮೊದಲ ದೋಣಿಯಲ್ಲೇ ಆ ಹೆಂಗಸು ಬಂದಳು. ಕೇಳಿ ಕೇಳಿ ಗೌಡನ ಮನೆ ಮುಟ್ಟಿದಳು. ಅವಳಿಗಿಂತ ಮೊದಲೇ ಇಬ್ಬರು ಬಂದು ಮಗು ತಮ್ಮದೆಂದಿದ್ದರು. ಮೂಡಲ ದಡದವರೇ, ಬೆಳೆಸಿ ಜೀತಕ್ಕೆ ಇಟ್ಟುಕೊಳ್ಳುವ ಜನ. ಅಂದಿನಿಂದ ಗೌಡ ಎಚ್ಚರವಾಗಿದ್ದ. ಬಂದವರು ಪಡುವಣ ದಡದವರೆಂದು ಖಚಿತವಾಗುವ ತನಕ ಮಗುವನ್ನು ಹೊರಗೆ ತರುತ್ತಿರಲಿಲ್ಲ. ಬೆಲ್ಲ ತೋರಿಸಿದವರ ಹಿಂದೆಲ್ಲ ಮಕ್ಕಳು ಹೋಗುತ್ತವೆ ಎಂಬುದು ಅವನ ಮಾತು. ಅದೂ ಸುಳ್ಳಲ್ಲ.

ಹೆಂಗಸು ಮಗುವಿನ ಬೆನ್ನಿನ ಮಚ್ಚೆ ಹೇಳಿದಳು. ಆ ಮಚ್ಚೆ ಊರಿಗೇ ಗೊತ್ತಿತ್ತು. ಕವಡೆಯ ಗುರುತು ಹೇಳಿದಳು. ಅದೂ ಗೊತ್ತಿತ್ತು.

"ಅದೆಲ್ಲ ಇರಲಿ," ಎಂದ ಗೌಡ. "ನೀನು ಪಡುವಣ ದಡದವಳೆಂದು ಹೇಗೆ ನಂಬಲಿ? ಅವರು ಹೀಗೆ ಮಾತಾಡುವುದಿಲ್ಲವಲ್ಲಮ್ಮ."

"ಮತ್ತೆ ಹೇಗೆ ಮಾತಾಡುತ್ತಾರೆ?"

"ನೋಡು, ನಿನಗೆ ಅದೂ ಗೊತ್ತಿಲ್ಲ."

"ಅಯ್ಯೋ ಗೌಡರೇ, ನಾನು ಹುಟ್ಟಿದ್ದೇ ಅಲ್ಲಿ. ನಾನು ಹೇಗೆ ಮಾತಾಡುತ್ತೇನೋ ಅದೇ ಅಲ್ಲಿನ ಮಾತು."

"ಬಂದವರೆಲ್ಲ ಹೀಗೇ ಹೇಳುತ್ತಾರೆ," ಎಂದು ಗೌಡ ನಿಟ್ಟುಸಿರು ಬಿಟ್ಟ. ಬಲ್ಲವನು ಬಂದು ಹೇಳಲಿ ಎಂದು ವೇಷಗಾರನನ್ನು ಕರೆಸಿದ.

ವೇಷಗಾರ ಕಣ್ಣು ಮುಚ್ಚಿ ಅವಳ ಮಾತು ಕೇಳಿದ. ತಲೆಯಾಡಿಸಿದ. "ಚೂರೂ ಹೋಲುವುದಿಲ್ಲ ಗೌಡರೇ. ಮೂಗಿಲ್ಲ, ಎಳೆತವಿಲ್ಲ, ಲೋಲೋ ಇಲ್ಲ. ಬಂದು ಇಷ್ಟು ಹೊತ್ತಾಯಿತು, ಊಟ ಕೂಡ ಕೇಳಿಲ್ಲ."

"ಉಂಡೇ ಬಂದಿದ್ದೇನೆ," ಎಂದಳು ಹೆಂಗಸು ಹಲ್ಲು ಕಚ್ಚಿ.

ನೆರೆದವರು ನಕ್ಕರು. "ಪಡುವಣ ದಡದವರು ಉಂಡು ಬರುವುದೆಂದರೇನು! ಅಲ್ಲಿಗೆ ತೀರಿತು, ಇವಳು ಅಲ್ಲಿಯವಳಲ್ಲ."

ಅವಳಿಗೆ ಅಳು ಬಂತು. ಆದರೆ ಅತ್ತರೆ ಅಳುಬುರುಕಿ ಎನ್ನುತ್ತಾರೆಂದು ತಡೆದುಕೊಂಡಳು. ಅತ್ತಿದ್ದರೆ ನಂಬುತ್ತಿದ್ದರೋ ಏನೋ, ಪಾಪ, ಅವಳಿಗೆ ಹೊಳೆಯಲಿಲ್ಲ.

ಗೌಡ ಬಾಗಿಲು ಹಾಕಿದ. ಹೆಂಗಸು ಬೇವಿನ ಮರದ ಕೆಳಗೆ ಕುಳಿತಳು. ಒಳಗಿನಿಂದ ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ಅದರಲ್ಲಿ ತನ್ನ ಮಗುವಿನ ದನಿ ಯಾವುದೆಂದು ಅವಳಿಗೆ ತಿಳಿಯಲಿಲ್ಲ. ವೇಷಗಾರ ಆ ದಾರಿಯಲ್ಲೇ ಹೊರಟಿದ್ದ. ಅವಳು ಅವನನ್ನು ತಡೆದಳು.

"ಅಣ್ಣಾ, ನಮ್ಮವರು ಹೇಗೆ ಮಾತಾಡುತ್ತಾರೆಂದು ನನಗೆ ಕಲಿಸು."

ವೇಷಗಾರನಿಗೆ ಮರುಕ ಹುಟ್ಟಿತು. ಎಲ್ಲೆಲ್ಲೋ ಅಲೆದು ಹುಟ್ಟೂರಿನ ಮಾತನ್ನೇ ಮರೆತ ಹೆಂಗಸು ಇರಬೇಕು ಎಂದುಕೊಂಡ. ಮರದ ಕೆಳಗೇ ಕುಳಿತು ಕಲಿಸಿದ. ಅವಳು ಹೇಳಿದಳು, ಅವನು ತಿದ್ದಿದ.

"ಅಷ್ಟು ಬೇಗ ಬೇಡ ತಂಗಿ. ನಿಮ್ಮವರು ನಿಧಾನ."

"ನಿಧಾನವೇ?"

"ನಿಧಾನ. ಬುದ್ಧಿಯೂ ಅಷ್ಟೇ. ಬೇಸರ ಮಾಡಿಕೊಳ್ಳಬೇಡ, ಇದ್ದದ್ದು ಹೇಳಿದೆ. ಈಗ ತೊಡೆ ತಟ್ಟು. ಜೋರಾಗಿ. ನಿನ್ನ ತಾಯಿ ಹೀಗೇ ತಟ್ಟುತ್ತಿದ್ದಿರಬೇಕು, ನೆನಪು ಮಾಡಿಕೊ."

ಅವಳ ತಾಯಿ ಜೀವಮಾನದಲ್ಲಿ ತೊಡೆ ತಟ್ಟಿದವಳಲ್ಲ. ಅವಳು ತಟ್ಟಿದಳು.

ಮರುದಿನ ಬೆಳಿಗ್ಗೆ ಅವಳು ಗೌಡನ ಬಾಗಿಲಲ್ಲಿ ನಿಂತು ಮೂಗಿನಲ್ಲಿ ಕೂಗಿದಳು. "ಗೌಡರೇ ಲೋಲೋ! ಹಶಿವಾಗಿದೇ ಲೋಲೋ! ನನ್ನ ಮಗೂ ಎಲ್ಲೀ ಲೋಲೋ!"

ಊರು ಓಡಿ ಬಂತು. ಗೌಡನ ಕಣ್ಣಲ್ಲಿ ನೀರಾಡಿತು. "ತಾಯಿ ಬಂದಳು," ಎಂದ.

"ನಿನ್ನೆ ಬಂದವಳೂ ಇವಳೇ ಅಲ್ಲವೇ?" ಎಂದು ಒಬ್ಬ ಕೇಳಿದ.

"ನಿನ್ನೆ ಹೆದರಿ ನಮ್ಮ ಹಾಗೆ ಮಾತಾಡಿದಳು. ನಿಜವಾದ ಮಾತು ಎಷ್ಟು ಹೊತ್ತು ಒಳಗೆ ನಿಲ್ಲುತ್ತದೆ?" ಎಂದ ಗೌಡ. ಅವನ ಹೆಂಡತಿ ಒಳಗೆ ಹೋಗಿ ಮಗುವನ್ನು ಕರೆತಂದಳು.

ಮಗು ಬಾಗಿಲಲ್ಲಿ ನಿಂತು ಆ ದನಿ ಕೇಳಿತು. ಅದರ ಮುಖ ಅರಳಿತು. "ಅಮ್ಮಾ ಲೋಲೋ!" ಎಂದು ಓಡಿಬಂದು ಅವಳ ಕಾಲು ತಬ್ಬಿತು. ಊರಿನವರು ಕಣ್ಣೊರೆಸಿಕೊಂಡರು. ವೇಷಗಾರ ಎಲ್ಲರಿಗಿಂತ ಹೆಚ್ಚು ಅತ್ತ. ಗೌಡನ ಹೆಂಡತಿ ದಾರಿಗೆ ಬುತ್ತಿ ಕಟ್ಟಿದಳು. ಪಡುವಣ ದಡದವಳೆಂದು ಮೂರಾಳಿಗಾಗುವಷ್ಟು ಕಟ್ಟಿದಳು.

ಊರು ದಾಟಿದ ಮೇಲೆ ಹೆಂಗಸು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಎರಡು ವರ್ಷ ಕಾದಿದ್ದ ಮಾತು ಅವಳ ಬಾಯಿಗೆ ಬಂತು. "ಕಾಲು ನೋಯುತ್ತಿದೆಯೇ ಕಂದಾ? ಎತ್ತಿಕೊಳ್ಳಲೇ?" ಎಂದು ತನ್ನ ದನಿಯಲ್ಲೇ ಕೇಳಿದಳು.

ಮಗು ನಿಂತುಬಿಟ್ಟಿತು. ಕೈ ಬಿಡಿಸಿಕೊಂಡಿತು. "ನೀನು ಯಾರೂ ಲೋಲೋ? ನನ್ನ ಅಮ್ಮ ಎಲ್ಲೀ?"

"ನಾನೇ ಕಂದಾ. ನಾನೇ ಅಮ್ಮ."

ಮಗು ಬಿಕ್ಕಿ ಬಿಕ್ಕಿ ಅಳತೊಡಗಿತು. ಹೆಂಗಸು ಆಚೆ ಈಚೆ ನೋಡಿ ಮೂಗಿನಲ್ಲಿ ಹೇಳಿದಳು, "ಇಲ್ಲೇ ಇದ್ದೇನೇ ಲೋಲೋ." ಮಗು ಕಣ್ಣೊರೆಸಿಕೊಂಡು ತೋಳಿಗೆ ಬಂತು. ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಯಿತು.

ನದಿಯ ಕಟ್ಟೆಯಲ್ಲಿ ಪಡುವಣ ದಡದ ದೋಣಿ ನಿಂತಿತ್ತು. ರಾಜಿಯಾಗಿದ್ದರೂ ಪಡುವಣ ಅರಸನಿಗೆ ಸಂಶಯ ಹೋಗಿರಲಿಲ್ಲ. ತನ್ನ ಪ್ರಜೆಗಳನ್ನು ಬಿಟ್ಟು ಬೇರೆ ಯಾರನ್ನೂ ತನ್ನ ದಡಕ್ಕೆ ಇಳಿಸಕೂಡದೆಂದು ಅವನು ಅಂಬಿಗರಿಗೆ ಅಪ್ಪಣೆ ಮಾಡಿದ್ದ. ಹೆಂಗಸು ಅಂಬಿಗನನ್ನು ತನ್ನ ದನಿಯಲ್ಲಿ ಮಾತಾಡಿಸಿದಳು. "ನಮ್ಮವಳೇ, ಹತ್ತಮ್ಮ" ಎಂದು ಅವನು ಹತ್ತಿಸಿಕೊಂಡ. ಎರಡು ವರ್ಷದ ಮೇಲೆ ಅವಳಿಗೆ ಮೊದಲ ಬಾರಿ ಉಸಿರು ಹಗುರಾಯಿತು.

ನಡುನೀರಿನಲ್ಲಿ ಮಗುವಿಗೆ ಎಚ್ಚರವಾಯಿತು. ಸುತ್ತ ನೀರು ನೋಡಿ ಹೆದರಿತು. ಹೆದರಬೇಡ ಕಂದಾ ಎಂದು ಹೆಂಗಸು ತನ್ನ ದನಿಯಲ್ಲಿ ಹೇಳಿದ್ದೇ ಅವಳ ತೋಳಿನಿಂದ ಜಾರಿ ದೋಣಿಯ ಆಚೆ ತುದಿಗೆ ಸರಿಯಿತು. "ಅಮ್ಮಾ ಎಲ್ಲೀ ಲೋಲೋ! ಅಮ್ಮಾ ಎಲ್ಲೀ!" ಎಂದು ಚೀರಿತು.

ಅಂಬಿಗನ ಹುಟ್ಟು ನಿಂತಿತು. "ಇದು ಮೂಡಲ ದಡದ ಮಗು," ಎಂದ.

"ಅಲ್ಲಣ್ಣಾ, ನನ್ನದೇ."

"ನನಗೆ ಹೇಳುತ್ತೀಯಾ? ನಮ್ಮೂರ ವೇಷಗಾರ ಮೂಡಲ ದಡದವರ ವೇಷ ಹಾಕಿದಾಗ ಹೀಗೇ ಮಾತಾಡುತ್ತಾನೆ. ಮೂಗು, ಎಳೆತ, ಲೋಲೋ, ಎಲ್ಲ ಇದೇ. ಆ ದಡ್ಡರಲ್ಲದೆ ಬೇರೆ ಯಾರು ಹೀಗೆ ಆಡುತ್ತಾರೆ?"

ಹೆಂಗಸು ಇಲ್ಲವೆನ್ನಲಿಲ್ಲ. ಆ ವೇಷವನ್ನು ಅವಳೂ ನೋಡಿದ್ದಳು. ಮಗು ಹೊಟ್ಟೆಯಲ್ಲಿದ್ದಾಗ ಅದನ್ನು ನೋಡಿ, ಪಕ್ಕೆ ಹಿಡಿದುಕೊಂಡು ನಕ್ಕಿದ್ದಳು.

ಅಂಬಿಗ ಕೆಟ್ಟವನಲ್ಲ. ಅವನಿಗೂ ಮನೆಯಲ್ಲಿ ಮಕ್ಕಳಿದ್ದವು. "ನೋಡು ತಂಗಿ," ಎಂದ. "ಕದ್ದ ಕೂಸನ್ನು ನಾನು ದಾಟಿಸಲಾರೆ. ನಿನ್ನದೇ ಆದರೆ ಕರೆ. ನೀನು ಕರೆದಾಗ ಅದು ನಿನ್ನ ತೋಳಿಗೆ ಬಂದರೆ ದೋಣಿ ನಮ್ಮ ದಡಕ್ಕೆ. ಬರದಿದ್ದರೆ ಹಿಂದಕ್ಕೆ. ಆದರೆ ಒಂದು ಮಾತು. ನೀನೂ ಇದರ ಹಾಗೇ ಲೋಲೋ ಅಂದೆಯೋ, ನೀನೂ ಮೂಡಲ ದಡದವಳೇ. ಇಬ್ಬರನ್ನೂ ಹಿಂದಕ್ಕೆ ಬಿಡುತ್ತೇನೆ."

ಅವನು ಹುಟ್ಟನ್ನು ಅಡ್ಡ ಇಟ್ಟು ಕಾದ. ದೋಣಿಯ ಇನ್ನೊಂದು ತುದಿಯಲ್ಲಿ ಮಗು ಎರಡು ಕೈಯಲ್ಲೂ ಹಲಗೆ ಹಿಡಿದುಕೊಂಡು ಅಮ್ಮ ಎಲ್ಲಿ ಎಂದು ಅಳುತ್ತಿತ್ತು. ಹೆಂಗಸು ಬಾಯಿ ತೆರೆದಳು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದಳು ಹಾಲವ್ವ. "ಹೀಗೆ ನಡುನೀರಿನಲ್ಲಿ ಬಿಟ್ಟರೆ ಹೇಗೆ ಗುರುಗಳೇ? ಅಲ್ಲಿ ಮಗು ಅಳುತ್ತಿದೆ!"

"ಅಳುತ್ತಿದೆ," ಎಂದರು ಗುರು. "ನೀನೂ ತಾಯಿ. ಯಾವ ದನಿಯಲ್ಲಿ ಕರೆಯುತ್ತೀ, ಹೇಳು?"