ಉತ್ತಯ್ಯನ ಬಿಳಿ ಅಂಗಿ

ಕೆಮ್ಮಣ್ಣುಬಾಣೆ ಎಂಬ ಊರಲ್ಲಿ ಉತ್ತಯ್ಯ ಅಂತ ಒಬ್ಬ ಹಾಕಿ ಆಟಗಾರನಿದ್ದ. ಎಷ್ಟು ಆಡಿದರೂ ಅವನ ಅಂಗಿಗೆ ಮಣ್ಣಾಗುತ್ತಿರಲಿಲ್ಲ. ಊರಿನವರ ಕಣ್ಣಿಗೆ ಅದೇ ದೊಡ್ಡ ತಪ್ಪಾಯಿತು.

ಆ ಊರಿನ ಮೈದಾನದ ಮಣ್ಣು ಕೆಂಪೆಂದರೆ ಅಂಥಿಂಥ ಕೆಂಪಲ್ಲ. ಬಿಳಿ ಕೋಳಿಯೊಂದು ಬೆಳಿಗ್ಗೆ ಮೈದಾನ ದಾಟಿ ಹೋದರೆ ಸಂಜೆ ಅದರ ಮರಿಗಳೇ ಅದನ್ನು ಗುರುತು ಹಿಡಿಯುತ್ತಿರಲಿಲ್ಲ. ನಾನೂ ಅಲ್ಲಿ ಆಡಿದವನೇ. ನಾನು ಬೀಸಿ ಹೊಡೆದ ಚೆಂಡು ಒಮ್ಮೆ ಮೋಡಕ್ಕೆ ತಗುಲಿ, ಸುಡು ಬೇಸಿಗೆಯಲ್ಲಿ ಮಳೆ ಸುರಿದು, ಪಂದ್ಯವೇ ನಿಂತುಹೋಗಿತ್ತು. ಅದನ್ನು ನಂಬುವವರು ನಂಬಿ, ಬಿಡುವವರು ಬಿಡಿ. ಇನ್ನು ಮುಂದೆ ಹೇಳುವುದನ್ನು ಮಾತ್ರ ಎಲ್ಲರೂ ನಂಬಬೇಕು.

ಆ ಊರಲ್ಲೊಂದು ಪದ್ಧತಿಯಿತ್ತು. ಆಟಗಾರರಿಗೆ ಬಿಳಿ ಅಂಗಿಯನ್ನೇ ಹೊಲಿಸುತ್ತಿದ್ದರು. ಪಂದ್ಯ ಮುಗಿದ ಮೇಲೆ ಒಬ್ಬೊಬ್ಬರೂ ಕಲ್ಲುಬೆಂಚಿನ ಮುಂದೆ ಬಂದು, ಹಿಂದೆ ಮುಂದೆ ತಿರುಗಿ ಅಂಗಿ ತೋರಿಸಬೇಕು. ಬೆಂಚಿನ ಮೇಲೆ ಕೂರುವವರು ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರ್ ಬೆಳ್ಯಪ್ಪ. ಯಾರ ಅಂಗಿ ಹೆಚ್ಚು ಕೆಂಪಾಗಿದೆಯೋ ಅವನಿಗೆ ಒಂದು ಬಾಳೆಗೊನೆ.

ಗೊನೆ ಯಾವಾಗಲೂ ಕರುಂಬಯ್ಯನ ಪಾಲು. ಅವನು ಮುಂದಿನ ಸಾಲಿನ ಆಟಗಾರ. ಗಾಳಿಯಂತೆ ಓಡುತ್ತಿದ್ದ, ಬೀಳುತ್ತಿದ್ದ, ಉರುಳುತ್ತಿದ್ದ. ಜನ ಎದ್ದು ಸಿಳ್ಳೆ ಹಾಕುತ್ತಿದ್ದರು. ಉತ್ತಯ್ಯ ಹಿಂದೆ, ಗೋಲಿನ ಎದುರಿಗೆ ಆಡುವವನು. ಓಡುವುದೇ ಕಡಿಮೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದ. ಚೆಂಡು ನೇರ ಬಂದು ಅವನ ಕೋಲಿಗೇ ತಗುಲುತ್ತಿತ್ತು. ಮೆಲ್ಲಗೆ ತಟ್ಟಿ ಮುಂದಿನವನಿಗೆ ಕೊಟ್ಟುಬಿಡುತ್ತಿದ್ದ.

"ಇದೇನು ಆಟವೋ, ಮದುವೆ ಮನೆಗೆ ಬಂದು ನಿಂತ ಹಾಗೆ!" ಎನ್ನುತ್ತಿದ್ದಳು ಬೋಜಕ್ಕ. ಒಂದು ಪಂದ್ಯವನ್ನೂ ತಪ್ಪಿಸದವಳು, ಯಾರನ್ನೂ ನಂಬದವಳು.

ಆ ವರ್ಷ, ಗೆದ್ದ ಊರಿಗೆ ಸಿಗುವ ಬೆಳ್ಳಿಬಟ್ಟಲಿನ ಕೊನೆಯ ಪಂದ್ಯ ಹೊಳೆಯಾಚೆ ಊರಿನವರ ಜೊತೆಗೆ ಬಿತ್ತು. ಆಗ ಬೋಜಕ್ಕನ ತಲೆಗೊಂದು ಅನುಮಾನ ಹೊಕ್ಕಿತು.

"ಸುಬೇದಾರಣ್ಣ, ಒಂದು ಮಾತು ಕೇಳ್ತೇನೆ. ಎದುರಿನವರು ಹೊಡೆದ ಚೆಂಡೆಲ್ಲ ಇವನ ಹತ್ತಿರಕ್ಕೇ ಯಾಕೆ ಬರ್ತದೆ? ಇವನು ನಿಲ್ಲುವ ಜಾಗ ಅವರಿಗೆ ಮೊದಲೇ ಗೊತ್ತಿರಬೇಕಲ್ಲ?"

"ಹೌದಲ್ಲ ಮಾರಾಯ್ತಿ!"

"ಇವನ ಹೆಂಡತಿ ಮುತ್ತವ್ವ ಯಾವ ಊರಿನವಳು? ಹೊಳೆಯಾಚೆಯವಳು! ಇಷ್ಟು ದಿನ ತಡೆದು ನಂಬಿಸಿದ್ದಾನೆ. ಕೊನೆಯ ಪಂದ್ಯದಲ್ಲಿ ನೋಡಿ, ಬಾಗಿಲು ತೆಗೆದುಕೊಡ್ತಾನೆ."

ಅನುಮಾನಕ್ಕೆ ಕಾಲು ಬೇಕಾಗಿಲ್ಲ ನೋಡಿ. ಸಂಜೆಯೊಳಗೆ ಊರೆಲ್ಲ ಸುತ್ತಿಬಂತು. ನೀರು ತರಲು ಹೋದ ಮುತ್ತವ್ವನನ್ನು ಕಂಡು ಹೆಂಗಸರು ಮಾತು ನಿಲ್ಲಿಸಿದರು. ಅವಳು ಖಾಲಿ ಕೊಡ ಹಿಡಿದು ಅಳುತ್ತಾ ಮನೆಗೆ ಬಂದಳು.

ಮರುದಿನ ಸುಬೇದಾರರು ಉತ್ತಯ್ಯನನ್ನು ಕರೆಸಿದರು. "ನೋಡು, ನಾಳೆ ನಿನ್ನ ಅಂಗಿ ಕೆಂಪಾಗಬೇಕು. ಬೆಳ್ಳಗೆ ಬಂದೆಯೋ, ಕೋಲು ಇಲ್ಲೇ ಇಟ್ಟು ಹೋಗು. ಮತ್ತೆ ಈ ಊರ ತಂಡದಲ್ಲಿ ನಿನಗೆ ಜಾಗ ಇಲ್ಲ."

"ಮಾವ, ನಾನು ಬಿದ್ದರೆ ಗೋಲು..."

"ಬೆವರು ಹರಿಸುವವನು ಬಾಯಿ ಹರಿಬಿಡುವುದಿಲ್ಲ!"

ಉತ್ತಯ್ಯನಿಗೆ ಕೋಲು ಪ್ರಾಣ. ಅದಕ್ಕಿಂತಲೂ ಮುತ್ತವ್ವನ ಮೇಲೆ ಬಂದ ಅಪವಾದ ಅವನನ್ನು ಸುಡುತ್ತಿತ್ತು. ಆಗಲಿ ಎಂದು ತಲೆಯಾಡಿಸಿದ.

ಪಂದ್ಯ ಶುರುವಾಯಿತು. ಉತ್ತಯ್ಯ ಓಡಿದ ನೋಡಿ! ಚೆಂಡು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಬೇಕಾದಲ್ಲಿ ಬಿದ್ದ, ಬೇಡವಾದಲ್ಲೂ ಬಿದ್ದ. ಅವನು ಎಬ್ಬಿಸಿದ ಧೂಳಿಗೆ ಮೇಲೆ ಹಾರುತ್ತಿದ್ದ ಹದ್ದು ಸೀನಿತು. ಜನ ಕುಣಿದರು. "ಶಾಬಾಸ್ ಉತ್ತಯ್ಯ! ಇದು ಆಟ!" ಬೋಜಕ್ಕ ಕೂಡ ಸೆರಗು ಬೀಸಿದಳು.

ಗೋಲು ಕಾಯುವವನೊಬ್ಬ ಮಾತ್ರ ಗಂಟಲು ಹರಿಯುವಂತೆ ಕೂಗುತ್ತಿದ್ದ, "ಉತ್ತಯ್ಯಣ್ಣಾ, ಹಿಂದೆ ಬಾ! ನಿನ್ನ ಜಾಗ ಖಾಲಿ!"

ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಉತ್ತಯ್ಯ ಮೈದಾನದ ಆ ತುದಿಯಲ್ಲಿ ಉರುಳಿ ಏಳುವ ಹೊತ್ತಿಗೆ ಹೊಳೆಯಾಚೆಯವನೊಬ್ಬ ನೇರ ಬಂದು, ಅಡ್ಡ ಯಾರೂ ಇಲ್ಲದ ಕಡೆಯಿಂದ ಚೆಂಡನ್ನು ಗೋಲಿಗೆ ತಳ್ಳಿದ. ಸ್ವಲ್ಪ ಹೊತ್ತಿಗೆ ಪಂದ್ಯ ಮುಗಿದ ಸೀಟಿ ಕೇಳಿತು. ಬೆಳ್ಳಿಬಟ್ಟಲು ಹೊಳೆ ದಾಟಿತು.

ಜನ ಬೈದುಕೊಂಡರು. ಗೋಲು ಕಾಯುವವನನ್ನು ಬೈದರು, ಸೀಟಿ ಊದಿದವನನ್ನು ಬೈದರು. ಉತ್ತಯ್ಯನನ್ನು ಬೈಯಲಿಲ್ಲ. ಅವನ ಅಂಗಿಯಲ್ಲಿ ಬಿಳಿ ಎಂಬುದೇ ಉಳಿದಿರಲಿಲ್ಲ. ಸುಬೇದಾರರು ಎದ್ದು ನಿಂತು ಬಾಳೆಗೊನೆಯನ್ನು ಅವನ ಹೆಗಲಿಗೇರಿಸಿದರು. "ಸೋತರೂ ಚಿಂತೆಯಿಲ್ಲ. ಇವತ್ತು ನೀನು ಆಡಿದೆ!"

ಉತ್ತಯ್ಯ ಗೊನೆ ಹೊತ್ತು ಮನೆ ಕಡೆ ಹೋಗಲಿಲ್ಲ. ನೇರ ಮೈದಾನಕ್ಕೆ ಹೋಗಿ, ಗೋಲಿನ ಎದುರಿಗೆ, ತಾನು ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ಅದನ್ನು ಇಳಿಸಿದ. ಸುಬೇದಾರರೂ ಜನರೂ ಅವನ ಹಿಂದೆಯೇ ಬಂದರು.

"ಮಾವ, ಇದು ಈ ಜಾಗಕ್ಕೆ ಸಲ್ಲಬೇಕು. ಇಷ್ಟು ವರ್ಷ ನಾನು ಇಲ್ಲಿ ನಿಂತಿದ್ದೆ. ಚೆಂಡು ಹೊಡೆಯುವವನ ಭುಜ ಎತ್ತ ತಿರುಗ್ತದೆ ಅಂತ ನೋಡಿ, ಚೆಂಡು ಬರುವ ಮೊದಲೇ ಬಂದು ನಿಲ್ತಿದ್ದೆ. ಇವತ್ತು ನೀವು ಹೇಳಿದ ಹಾಗೆ ಓಡಿದೆ. ಬಟ್ಟಲು ಹೋದದ್ದು ಈ ದಾರಿಯಲ್ಲೇ."

ಆಗ ಕರುಂಬಯ್ಯ ತಲೆ ಕೆರೆದುಕೊಂಡು ಹೇಳಿದ, "ನಾನೂ ಹೇಳಿಬಿಡ್ತೇನೆ ಮಾವ. ಓಟವೇನೋ ಸುಳ್ಳಲ್ಲ. ಆದರೆ ನಾನು ಬೀಳುವುದು ಚೆಂಡು ಕೈತಪ್ಪಿದಾಗ. ನೀವು ಗೊನೆ ಕೊಡ್ತಿದ್ದಿರಿ, ನಾನು ತಿಂತಿದ್ದೆ."

ಸುಬೇದಾರರು ಮೀಸೆಯ ಮೇಲಿಟ್ಟಿದ್ದ ಕೈ ಕೆಳಗಿಳಿಸಿದರು. ಮರುದಿನ ತಾವೇ ಮುತ್ತವ್ವನ ಬಾಗಿಲಿಗೆ ಹೋಗಿ, "ತಪ್ಪಾಯ್ತು ಮಗಳೇ" ಅಂದರು. ಮುಂದಿನ ವರ್ಷ ಆಟಗಾರರ ಅಂಗಿಗಳನ್ನೆಲ್ಲ ಮಣ್ಣಿನ ಬಣ್ಣದ ಬಟ್ಟೆಯಲ್ಲೇ ಹೊಲಿಸಿದರು. ಬಿದ್ದವನ್ಯಾರು, ನಿಂತವನ್ಯಾರು ಅಂಗಿ ನೋಡಿ ತಿಳಿಯದಂತಾಯಿತು. ಬೇರೆ ದಾರಿಯಿಲ್ಲದೆ ಜನ ಆಟ ನೋಡಲು ಶುರುಮಾಡಿದರು.

ಬೋಜಕ್ಕ ಮಾತ್ರ ಹೊಸ ಅಂಗಿಯ ತುದಿ ಹಿಡಿದು, ಉಜ್ಜಿ ನೋಡಿ ಅಂದಳು: "ಇದ್ದಕ್ಕಿದ್ದ ಹಾಗೆ ಬಣ್ಣ ಯಾಕೆ ಬದಲಾಯ್ತು? ಇದರಲ್ಲೂ ಏನೋ ಇದೆ."

ನೀತಿ: ಬಿದ್ದವನ ಮಣ್ಣು ಎಲ್ಲರಿಗೂ ಕಾಣುತ್ತದೆ, ಬೀಳದೆ ಆಡಲು ಕಲಿತವನ ಶ್ರಮ ಕಾಣುವುದಿಲ್ಲ. ಸುಲಭವಾಗಿ ಆಡುವವನನ್ನು ಸೋಮಾರಿ, ಕಳ್ಳ ಎಂದು ಅನುಮಾನಿಸುವ ಮುನ್ನ, ಅವನು ಆ ಜಾಗದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅನುಮಾನ ಪಡಲೇಬೇಕಾದರೆ ಮೊದಲು ನಿಮ್ಮ ಕಣ್ಣಿನ ಮೇಲೆಯೇ ಪಡಿ.